ಚೆಂದ ಕೇಳಾಕತ್ತೈತಿ

"ಹಾಂ ಅಂಬಿ, ಮಸ್ಕಿ ಗುಡ್ಡದ ಹಿಂದ ಅದೀನಿ. ಕಲ್ಲಾಪುರದ ಸಾಲಿ ಮುಂದ ಗಾಡಿ ನಿಂದರ್ಸೀನಿ. ಚೆಂದ ಕೇಳಾಕತ್ತೈತಿ. ನೀ ಎದುರಿಗೆ ಕುಂತು ಮಾತಾಡಿದಂಗ ಐತಿ."

ಅಂಬಿಕಾ ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಮಾಳಿಗೆಯ ಮೇಲೆ ನಿಂತಿದ್ದಳು. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಆಂಟೆನಾದಿಂದ ಇಳಿದು ಬಂದ ಕಪ್ಪು ಕೇಬಲ್ಲಿನ ತುದಿ. ಹಿಂದಿನ ದಿನದ ಮಳೆನೀರು ಕನೆಕ್ಟರಿನೊಳಗೆ ಇಳಿದಿದೆ ಎಂದು ಬೆಳಿಗ್ಗೆ ಬಂದವಳೇ ಅದನ್ನು ಕತ್ತರಿಸಿ ಎಸೆದಿದ್ದಳು. ಹೊಸದನ್ನು ಇನ್ನೂ ಕೂಡಿಸಿರಲಿಲ್ಲ. ಅಂದರೆ ಸಿಂಧನೂರಿನ ಈ ಮಾಳಿಗೆಯಿಂದ ಅಂದು ಬೆಳಗಿನಿಂದ ಒಂದು ಪಿಸುಮಾತೂ ಹೊರಗೆ ಹೋಗಿರಲಿಲ್ಲ. ಅಪ್ಪನಿಗೆ ಫೋನ್ ಮಾಡಿ ಸ್ವಲ್ಪ ತಡೆ ಎನ್ನಬೇಕೆಂದುಕೊಂಡು, ಕೆಲಸದ ಗಡಿಬಿಡಿಯಲ್ಲಿ ಮರೆತಿದ್ದಳು.

"ಏನ್ ಕೇಳಾಕತ್ತೈತಪ್ಪ?" ಎಂದಳು.

"ಅದನ, ನೀ ದಿನಾ ಹೇಳೂದು. ಊರ ಹೆಸರು ಹೇಳ್ತಿ, ಹೆಂಗ ಕೇಳ್ತೈತಿ ಅಂತಿ. ಬರೋಬ್ಬರಿ ಬರಾಕತ್ತೈತಿ."

ಅವಳು ಕೈಯಲ್ಲಿದ್ದ ಕೇಬಲ್ಲಿನ ತುದಿಯನ್ನು ನೋಡಿದಳು. ತಾಮ್ರದ ಎಳೆ ಬಿಸಿಲಿಗೆ ಸುಮ್ಮನೆ ಹೊಳೆಯುತ್ತಿತ್ತು. "ಆತಪ್ಪ, ವಾಪಸ್ ಬಾ" ಎಂದು ಫೋನ್ ಇಟ್ಟಳು.

ಮೆಟ್ಟಿಲ ಬಾಗಿಲಿನಿಂದ ಕನಕರಾಜ ತಲೆ ಹಾಕಿದ. ಕೆಳಗಿನ ಕೋಣೆಯಲ್ಲಿ ಜನರ ಕರೆ ತೆಗೆದುಕೊಳ್ಳುವುದು ಅವನ ಕೆಲಸ. "ಏನಂದ್ರು ಕಾಕಾ? ಸೆಟ್ ಆಫ್ ಐತಲ್ಲ, ಸುಮ್ಮನ ಕಾಯಾಕತ್ತಾರೇನು ಪಾಪ?" ಎಂದು ಕೇಳಿದ.

"ಹೂಂ. ಬಾ ಅಂದೀನಿ," ಎಂದಳು ಅಂಬಿಕಾ. ಅದು ಸುಳ್ಳೇನಲ್ಲ. ಆದರೆ ಅಪ್ಪ ಅಂದದ್ದನ್ನು ಮಾತ್ರ ಅವನಿಗೆ ಹೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಬಿರುಗಾಳಿಗೆ ಕರೆಂಟು ಹೋಗಿ, ಕರೆಂಟಿನ ಬೆನ್ನಿಗೆ ಮೊಬೈಲ್ ಟವರುಗಳೂ ಮಲಗಿ, ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕು ಜಗಳವಾಡಿ ಮಾತು ಬಿಟ್ಟ ಬೀಗರಂತೆ ಕೂತಿದ್ದವು. ಆಂಬುಲೆನ್ಸ್ ಎಲ್ಲಿದೆ ಎಂಬುದು ಆಂಬುಲೆನ್ಸಿನೊಳಗೆ ಕೂತವನಿಗೆ ಮಾತ್ರ ಗೊತ್ತು. ಅದಾದ ಮೇಲೆ ಮೂರಕ್ಕೂ ಸೇರಿ ಒಂದು ತುರ್ತು ಕರೆ ಕೇಂದ್ರ ಬೇಕು, ಅದಕ್ಕೆ ಮೊಬೈಲಿನ ಹಂಗಿಲ್ಲದ ವೈರ್‌ಲೆಸ್ ಬೇಕು ಎಂದು ಮೇಲಿನವರು ತೀರ್ಮಾನಿಸಿದರು. ತೀರ್ಮಾನಿಸುವುದಕ್ಕೆ ಏನು, ಕುರ್ಚಿ ಇದ್ದರೆ ಸಾಕು. ಯಾವ ಆಂಟೆನಾ, ಎಲ್ಲಿ, ಎಷ್ಟು ಎತ್ತರಕ್ಕೆ ಎಂಬ ತಲೆನೋವು ಬಂದು ಬಿದ್ದದ್ದು ಕೇಂದ್ರದ ತಂತ್ರಜ್ಞೆ ಅಂಬಿಕಾಳ ಮೇಲೆ.

ದಾರಿ ಎರಡಿದ್ದವು. ಒಂದು, ಕೇಂದ್ರದ ಮಾಳಿಗೆಯ ಮೇಲೆ ಎತ್ತರದ ಕಂಬ ನಿಲ್ಲಿಸಿ, ಅದರ ತುದಿಗೆ ಉದ್ದ ಕೋಲಿನಂಥ ಆಂಟೆನಾ ಕಟ್ಟುವುದು. ಅದು ಸುತ್ತ ನಾಲ್ಕೂ ಕಡೆಗೆ ಸಮನಾಗಿ ಕೂಗುತ್ತದೆ. ಇನ್ನೊಂದು, ಹಳೆಯ ಟೀವಿ ಆಂಟೆನಾದ ಹಾಗೆ ಕಡ್ಡಿ ಕಡ್ಡಿಯಾಗಿರುವ, ಒಂದೇ ದಿಕ್ಕಿಗೆ ಕೂಗುವ ಆಂಟೆನಾವನ್ನು ಮಸ್ಕಿ ಗುಡ್ಡಕ್ಕೆ ಗುರಿಯಿಡುವುದು, ಗುಡ್ಡದ ಮೇಲೆ ಒಂದು ರಿಪೀಟರ್ ಕೂರಿಸುವುದು. ಇಲ್ಲಿಂದ ಕೇಳಿದ್ದನ್ನು ಅಲ್ಲಿ ಎತ್ತರದಿಂದ ಮತ್ತೆ ಕೂಗಿ ಹೇಳುವುದಷ್ಟೇ ರಿಪೀಟರಿನ ಕೆಲಸ.

ಕೇಂದ್ರದ ಅಧಿಕಾರಿ ಶಿವಕಾಂತರ ಮನಸ್ಸು ಕೋಲಿನ ಕಡೆಗಿತ್ತು. ಗುಡ್ಡವೆಂದರೆ ಪರವಾನಿಗೆ, ಸೋಲಾರ್, ಬ್ಯಾಟರಿ, ಕಾವಲು, ಎಲ್ಲಕ್ಕಿಂತ ಮಿಗಿಲಾಗಿ ಹತ್ತುವುದು. ಅವರ ಹೊಟ್ಟೆಗೂ ಹತ್ತುವ ಕೆಲಸಕ್ಕೂ ಎಂದೂ ಹೊಂದಿಬಂದಿರಲಿಲ್ಲ. "ಕೋಲಿನಿಂದನ ಕೆಲಸ ಆಗ್ತದಂದ್ರ ಗುಡ್ಡದ ಉಸಾಬರಿ ನಮಗ್ಯಾಕ? ಟೆಸ್ಟ್ ಮಾಡಿ ತೋರ್ಸಮ್ಮ, ಎಲ್ಲಾ ಕಡಿ ಕೇಳ್ತು ಅಂದ್ರ ನಾ ಸಹಿ ಹಾಕ್ತೀನಿ," ಎಂದಿದ್ದರು.

ಟೆಸ್ಟಿಗೆ ಸಿಕ್ಕ ಗಾಡಿ ಬಸ್ಸಪ್ಪನದು. ಬಸ್ಸಪ್ಪ ಅಂಬಿಕಾಳ ತಂದೆ. ಬೋರ್‌ವೆಲ್ ಲಾರಿಯಲ್ಲಿ ಅರ್ಧ ಆಯುಷ್ಯ ಕಳೆದು, ಈಗ ಗುತ್ತಿಗೆಯ ಮೇಲೆ ಆಂಬುಲೆನ್ಸ್ ಓಡಿಸುತ್ತಿದ್ದ. ಆ ಗಾಡಿಗೆ ಸದ್ಯಕ್ಕೆ ಕೇಳಿಸಿಕೊಳ್ಳುವ ಸೆಟ್ಟು ಮಾತ್ರ ಹಾಕಿದ್ದರು. ಮಾಳಿಗೆಯ ಮೇಲೆ ತಾತ್ಕಾಲಿಕವಾಗಿ ಕಟ್ಟಿದ ಕೋಲಿನಿಂದ ಅಂಬಿಕಾ ಕೂಗುವುದು, ಊರೂರಿಗೆ ಹೋಗಿ ನಿಂತ ಬಸ್ಸಪ್ಪ ಹೇಗೆ ಕೇಳಿತೆಂದು ಮೊಬೈಲಿನಲ್ಲಿ ಹೇಳುವುದು. ಗೋಡೆಯ ಮೇಲಿನ ದೊಡ್ಡ ನಕಾಶೆಯಲ್ಲಿ ಗುರುತು ಹಾಕಲು ಅವಳು ಮನೆಯಿಂದ ಹಣೆಗೆ ಅಂಟಿಸುವ ಟಿಕಳಿ ಪಾಕೀಟು ತಂದಿದ್ದಳು. ಚೆನ್ನಾಗಿ ಕೇಳಿದಲ್ಲಿ ಹಸಿರು ಟಿಕಳಿ, ಕೇಳದಲ್ಲಿ ಕೆಂಪು. ಸಾಲಗುಂದ, ಆರ್.ಎಚ್. ಕ್ಯಾಂಪ್, ಮಸ್ಕಿ, ಲಿಂಗಸುಗೂರು, ಹಟ್ಟಿ, ಎಲ್ಲ ಕಡೆಗೂ ಹಸಿರೇ ಬಿದ್ದಿತ್ತು. ಕೆಂಪಿನ ಪಾಕೀಟು ಒಡೆದೇ ಇರಲಿಲ್ಲ. ಶಿವಕಾಂತರು ನಕಾಶೆಯ ಮುಂದೆ ನಿಂತು, "ನೋಡು, ಮುತ್ತೈದಿ ಹಣಿ ಇದ್ದಂಗ ಐತಿ," ಎಂದು ನಕ್ಕಿದ್ದರು.

ಈಗ ಅವಳಿಗೆ ಒಂದೊಂದೇ ನೆನಪಾಗತೊಡಗಿತು. ಹಟ್ಟಿಯಿಂದ ಅಪ್ಪ ಫೋನ್ ಮಾಡಿದ ದಿನ ಹಿಂದೆ ಗಣಿಯ ಶಿಫ್ಟ್ ಬಿಡುವ ಸೈರನ್ ಅವಳ ಕಿವಿ ಒಡೆಯುವಂತೆ ಕೂಗುತ್ತಿತ್ತು. "ಸೈರನ್ ನಿಂದರ್ಲಿ ತಡಿಯಪ್ಪ" ಎಂದರೆ, "ಯಾವ ಸೈರನ್?" ಎಂದಿದ್ದ. ಮನೆಯಲ್ಲಿ ಟೀವಿ ಓಣಿಗೆಲ್ಲ ಕೇಳುವಂತೆ ಹಾಕುತ್ತಿದ್ದ. ಫೋನನ್ನು ಯಾವಾಗಲೂ ಬಲಗಿವಿಗೇ ಒತ್ತಿ ಹಿಡಿದು, ಎದುರಿನವರು ಬಾವಿಯಲ್ಲಿ ಬಿದ್ದವರೇನೋ ಎಂಬಂತೆ ಅರಚುತ್ತಿದ್ದ. ಅದನ್ನೆಲ್ಲ ಅವಳು ಅಪ್ಪನ ಸ್ವಭಾವ ಎಂದುಕೊಂಡಿದ್ದಳು. ಮನೆಯ ಮಂದಿಯ ಬಗ್ಗೆ ನಾವು ಮೊದಲು ನೋಡುವುದನ್ನು ಬಿಡುತ್ತೇವೆ, ಆಮೇಲೆ ಅದಕ್ಕೆ ಸ್ವಭಾವ ಎಂದು ಹೆಸರಿಡುತ್ತೇವೆ.

ಸಂಜೆ ಮನೆಗೆ ಹೋದಾಗ ತಾಯಿ ಗದ್ದೆಮ್ಮ ರೊಟ್ಟಿ ಬಡಿಯುತ್ತಿದ್ದಳು. ಬಸ್ಸಪ್ಪ ಹಿತ್ತಲಲ್ಲಿ ಬೆನ್ನು ಮಾಡಿ ಕುಳಿತು ಕಾಲು ತೊಳೆಯುತ್ತಿದ್ದ. ಅಂಬಿಕಾ ಬಾಗಿಲಲ್ಲಿ ನಿಂತು, ದಿನದ ದನಿಯಲ್ಲೇ "ಅಪ್ಪ" ಎಂದಳು. ಅವನು ತಿರುಗಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮತ್ತೆ ಕರೆದಳು. ಅವನು ಚೆಂಬಿನಿಂದ ನೀರು ಸುರಿದುಕೊಂಡು ಹಿಮ್ಮಡಿ ಉಜ್ಜುತ್ತಲೇ ಇದ್ದ. ಅವಳಿಗೆ ಮೂರನೆಯ ಸಲ ಕರೆಯಲು ಮನಸ್ಸಾಗಲಿಲ್ಲ.

ಒಳಗೆ ಬಂದು ಒಲೆಯ ಮುಂದೆ ಕುಳಿತಳು. "ಯವ್ವ, ಅಪ್ಪಗ ಕಿವಿ ಯಾವಾಗಿಂದ ಕೇಳಂಗಿಲ್ಲ?"

ಗದ್ದೆಮ್ಮನ ಕೈ ರೊಟ್ಟಿಯ ಮೇಲೆ ನಿಂತಿತು. ಆಮೇಲೆ ಮತ್ತೆ ಬಡಿಯತೊಡಗಿತು. "ಪೂರಾ ಹೋಗಿಲ್ಲ. ಎದುರಿಗೆ ನಿಂತು ಮಾತಾಡಿದ್ರ, ಫೋನ್ ಬಲಗಿವಿಗೆ ಒತ್ತಿ ಹಿಡದ್ರ ತಿಳಕೊಂತಾನ. ಆ ಬೋರ್ ಗಾಡಿ ಕಂಪ್ರೆಸರ್ ಮಗ್ಗಲಾಗ ಅಷ್ಟ್ ವರ್ಷ ನಿಂತ್ರ ಯಾರ ಕಿವಿ ಉಳೀತಾವವ್ವ?"

"ನನಗ್ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದಿದ್ದ. ಯಾರರ ಕರದ್ರ ನಾ ಹೆಗಲ ಮ್ಯಾಲ ಕೈ ಇಡ್ತೀನಿ, ಅವ ಹೊಳ್ಳಿ ನೋಡ್ತಾನ. ಹಂಗ ನಡದೈತಿ. ಮದುವಿ ಮುಂಜಿವಿಗೆ ಹೋದ್ರೂ ನಾ ಅವನ ಎಡಕ್ಕ ಬಿಟ್ಟು ಕುಂದ್ರಂಗಿಲ್ಲ. ನಿಮ್ಮತ್ತಿ ನಗ್ತಾಳ, ಈ ವಯಸ್ಸಿನಾಗ ಏನ್ ಪ್ರೀತಿ ಇವರದು ಅಂತ."

ಅಷ್ಟರಲ್ಲಿ ಬಸ್ಸಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಒಳಗೆ ಬಂದ. ಇಬ್ಬರ ಮುಖವನ್ನೂ ನೋಡಿದ. ಕಿವಿ ಹೋದವರಿಗೆ ಮುಖ ಓದುವುದು ಬೇಗ ಬರುತ್ತದೆ. ಗೋಡೆಗೊರಗಿ ಕುಳಿತ. ತಲೆಯ ಮೇಲೆ ಗೋಡೆಯಲ್ಲಿ ಬುದ್ಧನ ಫೋಟೋ ಇತ್ತು, ಪಕ್ಕದಲ್ಲಿ ಆಂಬುಲೆನ್ಸಿನ ಮುಂದೆ ಬಿಳಿ ಸಮವಸ್ತ್ರದಲ್ಲಿ ನಿಂತ ಅವನದೇ ಫೋಟೋ.

ಅಂಬಿಕಾ ಅವನ ಎದುರಿಗೆ ಹೋಗಿ ಕುಳಿತು ನಿಧಾನವಾಗಿ ಹೇಳಿದಳು. "ಇವತ್ತ ಕೇಬಲ್ ನನ್ನ ಕೈಯಾಗ ಇತ್ತಪ್ಪ. ನಾ ಕೂಗೇ ಇಲ್ಲ."

ಬಸ್ಸಪ್ಪ ಅವಳ ತುಟಿಯನ್ನೇ ನೋಡುತ್ತಿದ್ದ. ಅರ್ಥವಾದ ಮೇಲೆ ಕಣ್ಣು ಕೆಳಗೆ ಹಾಕಿದ.

"ಒಂದೂರಾಗರ ಕೇಳಿತ್ತೇನು ನಿನಗ?"

"ಗುಯ್ ಅಂತಿತ್ತು," ಎಂದ. "ಗುಯ್ ಅಂದ್ರ ನೀನ ಅಂತ ತಿಳಕೊಂಡೆ. ನಿನಗೂ ನಿಮ್ಮ ಸಾಹೇಬ್ರಿಗೂ ಎಲ್ಲಾ ಕಡಿ ಕೇಳಬೇಕಾಗಿತ್ತಲ್ಲ. ನನಗೊಬ್ಬವಗ ಕೇಳಲಿಲ್ಲ ಅಂದ್ರ ಗಾಡಿ ಇಳಸ್ತಾರ."

"ಕಿವಿ ಕೇಳದ ಗಾಡಿ ಹೊಡದ್ರ..."

"ಕಣ್ಣ ಚಲೋ ಅದಾವ. ಕನ್ನಡಿ ನೋಡ್ತೀನಿ. ಇಲ್ಲೀತನಕ ಒಂದು ಕೋಳಿ ಸೈತ ಸತ್ತಿಲ್ಲ ನನ್ನ ಗಾಲಿಗೆ." ಬಸ್ಸಪ್ಪ ದನಿ ತಗ್ಗಿಸಿ ಹೇಳಿದ. ತಗ್ಗಿಸಿದ್ದು ಅವನ ಲೆಕ್ಕಕ್ಕೆ. ಪಕ್ಕದ ಮನೆಗೆ ಕೇಳುವಷ್ಟಂತೂ ಇತ್ತು. "ಅಂಬಿ, ನಮ್ಮಪ್ಪ ಗೌಡ್ರ ಮನಿ ಅಂಗಳ ದಾಟಿದಾಂವಲ್ಲ. ನಾ ಈ ಗಾಡಿ ತೊಗೊಂಡು ಹೋದ್ರ ಯಾವ ಬಾಗಲಾದ್ರೂ ತಾನ ತಗೀತೈತಿ. ಬಸ್ಸಪ್ಪಣ್ಣ ಬಂದಾನ, ದಾರಿ ಬಿಡ್ರಿ ಅಂತಾರ. ಒಳಗ ಹಾಸಿಗಿ ತನ ಕರೀತಾರ."

ಅಂಬಿಕಾಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವುದನ್ನು ಮೊದಲು ಬಿಡಬೇಕೆಂದು ತಿಳಿಯದೆ ಎರಡನ್ನೂ ನುಂಗಿ ಎದ್ದಳು.

ಮರುದಿನ ಶಿವಕಾಂತರಿಗೆ ಅರ್ಧ ಸತ್ಯ ಹೇಳಿದಳು. ಕನೆಕ್ಟರಿಗೆ ನೀರು ಇಳಿದಿತ್ತು, ಇಲ್ಲಿಯವರೆಗಿನ ಟೆಸ್ಟು ನಂಬುವ ಹಾಗಿಲ್ಲ, ಈ ಸಲ ತಾನೇ ಗಾಡಿಯಲ್ಲಿ ಹೋಗಿ ಕೇಳಿ ಬರುತ್ತೇನೆ ಎಂದಳು. ಶಿವಕಾಂತರು ಹಣೆ ಹಣೆ ಚಚ್ಚಿಕೊಂಡರು. "ಕೋಲಿನ ಆರ್ಡರ್ ಇವತ್ತ ಕಳಸಾಂವ ಇದ್ದೆನಲ್ಲಮ್ಮ," ಎಂದರು. ಅವಳು ನಕಾಶೆಯ ಮೇಲಿನ ಹಸಿರು ಟಿಕಳಿಗಳನ್ನು ಉಗುರಿನಿಂದ ಎಬ್ಬಿಸತೊಡಗಿದಳು. ಒಂದೊಂದೂ ಎದ್ದ ಕಡೆ ಊರಿನ ಹೆಸರಿನ ಮೇಲೆ ಅಂಟಿನ ಕಲೆ ಉಳಿಯಿತು.

ಹೊಸ ಕನೆಕ್ಟರ್ ಕೂಡಿಸಿಯಾಗಿತ್ತು. ಕನಕರಾಜ ಕೇಂದ್ರದಿಂದ ಕೂಗುತ್ತಿದ್ದ, ಬಸ್ಸಪ್ಪ ಗಾಡಿ ಓಡಿಸುತ್ತಿದ್ದ, ಅಂಬಿಕಾ ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು. ಸಾಲಗುಂದದಲ್ಲಿ ದನಿ ಸ್ಪಷ್ಟವಾಗಿ ಬಂತು. ಬಂಗಾಲಿ ನಿರಾಶ್ರಿತರು ನೆಲೆನಿಂತ ಆರ್.ಎಚ್. ಕ್ಯಾಂಪಿನಲ್ಲಿ, ಭತ್ತದ ಗದ್ದೆಯ ನಡುವಿನ ರಸ್ತೆಯಲ್ಲಿ ನಿಂತಾಗಲೂ ಬಂತು. ಬದುವಿನ ಮೇಲೆ ಸಸಿಯ ಕಟ್ಟು ಹೊತ್ತು ನಿಂತಿದ್ದ ಹೆಂಗಸರು ಗಾಡಿ ಕಂಡು ಯಾರಿಗೇನಾಯಿತೆಂದು ಬಂಗಾಲಿಯಲ್ಲಿ ಗಾಬರಿಯಾಗಿ ಕೇಳಿದಾಗ, ಬಸ್ಸಪ್ಪ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಏನೂ ಇಲ್ಲವೆಂದು ಕೈ ಆಡಿಸಿ ನಕ್ಕ. ಮಸ್ಕಿಯ ಪೇಟೆಯಲ್ಲೂ ಬಂತು. ಗುಡ್ಡವನ್ನು ಬಳಸಿ ಹಿಂದಕ್ಕೆ ಹೋದ ಕೂಡಲೇ ಸೆಟ್ಟಿನಲ್ಲಿ ಒಲೆಯ ಮೇಲೆ ಎಣ್ಣೆ ಕಾದಂತೆ ಬರೀ ಚುರ್ ಎಂಬ ಸದ್ದು ಉಳಿಯಿತು.

ಕಲ್ಲಾಪುರದ ಶಾಲೆಯ ಮುಂದೆ ಅಂಬಿಕಾ ಕೈಸೆಟ್ಟು ಹಿಡಿದು ಇಳಿದಳು. ಬೇವಿನ ಮರದ ಹತ್ತಿರ ನಿಂತಳು, ಶಾಲೆಯ ಕಟ್ಟೆ ಹತ್ತಿದಳು, ಕೆರೆಯ ಏರಿಯವರೆಗೆ ನಡೆದಳು. ಬಿಸಿಲು ಚೆನ್ನಾಗಿ ಬಿದ್ದಿತ್ತು, ಆದರೆ ರೇಡಿಯೋದ ಲೆಕ್ಕದಲ್ಲಿ ಊರಿಗೆ ಊರೇ ಗುಡ್ಡದ ನೆರಳಿನಲ್ಲಿತ್ತು. ಬಸ್ಸಪ್ಪ ಗಾಡಿಯ ಪಕ್ಕದಲ್ಲಿ ನಿಂತು ಅವಳ ಮುಖವನ್ನೇ ನೋಡುತ್ತಿದ್ದ.

"ಇಲ್ಲೇನು?" ಎಂದ.

"ಇಲ್ಲಪ್ಪ. ಏನೂ ಇಲ್ಲ."

"ನಾ ಇಲ್ಲೇ ನಿಂತು ಚೆಂದ ಐತಿ ಅಂದಿದ್ದೆ," ಎಂದ ಬಸ್ಸಪ್ಪ. ಅವಳಿಗೆ ಹೇಳಿದ್ದೋ, ತನಗೇ ಹೇಳಿಕೊಂಡದ್ದೋ.

ಆಂಬುಲೆನ್ಸ್ ನೋಡಿ ಎದುರು ಮನೆಯಿಂದ ಒಬ್ಬ ಮುದುಕಿ ಬಂದಳು. ಗ್ಯಾನಮ್ಮ ಅಂತ ಹೆಸರು, ಕುರಿ ಕಾಯುವ ಮನೆತನ. ಹಿಂದೆಯೇ ಮಗ ಮಾಳಿಂಗಪ್ಪ ಎರಡು ಲೋಟದಲ್ಲಿ ಚಹಾ ತಂದ. ಗ್ಯಾನಮ್ಮ ಗಾಡಿಯನ್ನು ಒಂದು ಸುತ್ತು ಹಾಕಿ, ಬಾಗಿಲು ಮುಟ್ಟಿ ನೋಡಿದಳು.

"ಇದ ಗಾಡಿ ಏನಪ್ಪ ಹೋದ ಮಳಿಗಾಲದಾಗ ಬರಲಾರದ್ದು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಸೊಸಿಗೆ ಬ್ಯಾನಿ ಬಂದಿತ್ತು. ಫೋನ್ ಹತ್ತಲಿಲ್ಲ. ಇವ ಗುಡ್ಡ ಹತ್ತಿ ಫೋನ್ ಮಾಡಾಕ ಹೋದ, ಅಲ್ಲೂ ಹತ್ತಲಿಲ್ಲ. ಟ್ರ್ಯಾಕ್ಟರಿನಾಗ ಹಾಕ್ಕೊಂಡು ಹೋದ್ವಿ. ಸೊಸಿ ಉಳದ್ಲು. ಕೂಸು ಉಳೀಲಿಲ್ಲ. ಗಂಡು ಕೂಸು, ಚೆಂದ ಇತ್ತು."

ಮಾಳಿಂಗಪ್ಪ ಲೋಟ ಕೊಟ್ಟು ಬೇರೆ ಕಡೆ ನೋಡಿದ. ಗ್ಯಾನಮ್ಮ ಬಸ್ಸಪ್ಪನ ಎದುರಿಗೇ ಬಂದು ನಿಂತು, ಅವನ ಮುಖ ನೋಡಿ ಕೇಳಿದಳು. "ಇನ್ನ ಮ್ಯಾಲ ಕೂಗಿದ್ರ ನಿನಗ ಕೇಳ್ತೈತಲ್ಲಪ್ಪ?"

ಮುಖಕ್ಕೆ ಮುಖ ಕೊಟ್ಟು ಕೇಳಿದ್ದರಿಂದ ಒಂದಕ್ಷರವೂ ತಪ್ಪದೆ ಅವನಿಗೆ ತಿಳಿಯಿತು. "ಕೇಳ್ತೈತವ್ವ," ಎಂದ.

ಚಹಾ ಮುಗಿಸದೆಯೇ ಲೋಟವನ್ನು ಕಟ್ಟೆಯ ಮೇಲಿಟ್ಟು ಗಾಡಿ ಹತ್ತಿದ.

ನಕಾಶೆಯಲ್ಲಿ ಗುಡ್ಡದ ಹಿಂದಿನ ಊರುಗಳ ಮೇಲೆಲ್ಲ ಕೆಂಪು ಟಿಕಳಿ ಬಿತ್ತು. ಲಿಂಗಸುಗೂರಿನ ಕಡೆಗೂ ಅಲ್ಲಲ್ಲಿ ಬಿತ್ತು. ಶಿವಕಾಂತರು ಬಹಳ ಹೊತ್ತು ನೋಡಿ, "ಹಂಗಾರ ಗುಡ್ಡಾನ ಹತ್ತಬೇಕನ್ನು," ಎಂದು ನಿಟ್ಟುಸಿರು ಬಿಟ್ಟರು. ಮನುಷ್ಯ ಗೊಣಗುವುದು ಬಿಟ್ಟರೆ ಕೆಟ್ಟವರೇನಲ್ಲ. ಪರವಾನಿಗೆಗಾಗಿ ಕಚೇರಿಯಿಂದ ಕಚೇರಿಗೆ ತಿರುಗಿ ಅವರ ಚಪ್ಪಲಿಯ ಉಂಗುಷ್ಠವೇ ಕಿತ್ತುಹೋಯಿತು. ಕಡೆಗೆ ಪರವಾನಿಗೆಯೂ ಬಂತು, ಪೆಟ್ಟಿಗೆಗಳೂ ಬಂದವು. ಕಬ್ಬಿಣದ ಪೈಪು, ಬ್ಯಾಟರಿ, ಸೋಲಾರ್ ಹಲಗೆಗಳನ್ನು ಬಂಡೆಗಳ ನಡುವೆ ಮೇಲಕ್ಕೆ ಸಾಗಿಸಿದವರು ಮಾಳಿಂಗಪ್ಪ ಮತ್ತು ಕಲ್ಲಾಪುರದವರು. ಕುರಿ ಹತ್ತುವ ದಾರಿ ಅವರಿಗೆ ಗೊತ್ತಿತ್ತು.

ಸಿಂಧನೂರಿನ ಕಂಬದ ಮೇಲೆ ಕಡ್ಡಿ ಆಂಟೆನಾ ಕೂರಿಸುವ ದಿನ ಅಂಬಿಕಾ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ತಾನೇ ಹತ್ತಿದಳು. ಕೆಳಗೆ ಹಗ್ಗ ಹಿಡಿದು ನಿಂತವನು ಬಸ್ಸಪ್ಪ. ಗಾಳಿ ಜೋರಾಗಿತ್ತು, ಮೇಲಿಂದ ಕೂಗಿದ್ದು ಯಾರಿಗೂ ಕೇಳುತ್ತಿರಲಿಲ್ಲ. ಕನಕರಾಜ ಮತ್ತೆ ಮತ್ತೆ "ಏನು? ಏನಂದಿ?" ಎನ್ನುತ್ತಿದ್ದ. ಬಸ್ಸಪ್ಪ ಮಾತ್ರ ಏನೆಂದು ಕೇಳಲೇ ಇಲ್ಲ. ಬೋರ್ ಗಾಡಿಯಲ್ಲಿ ಮಾತು ಎಂಬುದೇ ಇರುವುದಿಲ್ಲ, ಎಲ್ಲ ಕೈಸನ್ನೆ. ಮುಷ್ಟಿ ಹಿಡಿದರೆ ತಡೆ, ಬೆರಳು ತಿರುಗಿಸಿದರೆ ಎತ್ತು, ಅಂಗೈ ಕೆಳಗೆ ಮಾಡಿದರೆ ಸಡಿಲಿಸು. ಅಂಬಿಕಾ ಚಿಕ್ಕವಳಿದ್ದಾಗ ಆಟಕ್ಕೆ ಕಲಿತದ್ದು ಕೈಗೆ ತಾನಾಗಿ ಬಂತು. ಅವಳು ಬೆರಳು ತಿರುಗಿಸಿದಳು, ಆಂಟೆನಾ ಮೇಲೇರಿತು. ಮುಷ್ಟಿ ಹಿಡಿದಳು, ಅಲ್ಲೇ ನಿಂತಿತು. ದೂರದ ಗುಡ್ಡಕ್ಕೆ ಅದರ ಮೂತಿ ತಿರುಗಿಸಿ ಬೋಲ್ಟು ಬಿಗಿಯುತ್ತ ಕೆಳಗೆ ನೋಡಿದಾಗ, ಕತ್ತೆತ್ತಿ ನಿಂತ ಅಪ್ಪನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ಹೆದರಿಕೆ ಇರಲಿಲ್ಲ. ಅವಳಿಗೆ ಬಹಳ ಸಂತೋಷವಾಯಿತು. ಇವನಿಂದ ಗಾಡಿಯ ಚಾವಿ ಕಿತ್ತುಕೊಳ್ಳುವುದು ತನ್ನಿಂದಾಗದ ಕೆಲಸ ಎಂದು ಅಂದೇ ಅವಳಿಗೆ ಅನಿಸಿತು.

ಕೊನೆಯ ಟೆಸ್ಟಿಗೆ ಶಿವಕಾಂತರೇ ಗಾಡಿಯಲ್ಲಿ ಬರುವುದೆಂದಾಯಿತು. ಈಗ ಗಾಡಿಗಳಿಗೆ ಎರಡೂ ಕಡೆ ಮಾತಾಡುವ ಹೊಸ ಸೆಟ್ಟು ಬಂದಿತ್ತು. ಕೇಂದ್ರದಿಂದ ಕನಕರಾಜ ಪರೀಕ್ಷೆಗೆಂದು ಮನಸ್ಸಿಗೆ ಬಂದ ಸಂದೇಶ ಕೊಡುತ್ತಾನೆ, ಡ್ರೈವರ್ ಉತ್ತರಿಸಬೇಕು. ಹಿಂದಿನ ಸಂಜೆ ಬಸ್ಸಪ್ಪ ಊಟ ಬಿಟ್ಟು ಕುಳಿತಿದ್ದ. ಅಂಬಿಕಾಳಿಗೆ ದಾರಿ ಹೇಳಿಕೊಟ್ಟವಳು ಗದ್ದೆಮ್ಮ.

"ನೀ ಹಿಂದ ಕುಂದ್ರು. ದನಿ ಬಂತು ಅಂದ್ರ ಹೆಗಲ ಮ್ಯಾಲ ಕೈ ಇಡು. 'ಬಂತು, ಹೊಂಟೀನಿ' ಅಂತ ಅವ ಅಂದ್ರಾತು. ಅದಕ್ಕೇನು ದೊಡ್ಡ ವಿದ್ಯಾ ಬೇಕೇನು?"

"ಆಮ್ಯಾಲ, ಯವ್ವ? ದಿನಾ ನಾ ಹಿಂದ ಇರ್ತೀನೇನು?"

"ಗಾಡ್ಯಾಗ ನರ್ಸ್ ಇರ್ತಾಳಲ್ಲ, ಆಕಿಗೆ ಕೇಳ್ತೈತಿ," ಎಂದಳು ಗದ್ದೆಮ್ಮ. ಅದು ಇಬ್ಬರಿಗೂ ಸರಿ ಎನಿಸಲಿಲ್ಲ, ಆದರೂ ಅಂಬಿಕಾ ಹೂಂ ಎಂದಳು. ಬಸ್ಸಪ್ಪ ಹೆಂಡತಿಯ ತುಟಿಯನ್ನೂ ಮಗಳ ತುಟಿಯನ್ನೂ ನೋಡುತ್ತ ಕುಳಿತಿದ್ದ.

ಕಲ್ಲಾಪುರದ ಶಾಲೆಯ ಮುಂದೆ ಗಾಡಿ ನಿಂತಿತು. ಬಸ್ಸಪ್ಪ ಸ್ಟಿಯರಿಂಗ್ ಹಿಡಿದು ಕುಳಿತಿದ್ದ, ಪಕ್ಕದಲ್ಲಿ ಶಿವಕಾಂತರು. ಅಂಬಿಕಾ ಹಿಂದೆ, ರೋಗಿಯ ಕಡೆಯಿಂದ ಡ್ರೈವರನ ಕಡೆಗಿರುವ ಸಣ್ಣ ಕಿಟಕಿಯ ಹತ್ತಿರ. ಗ್ಯಾನಮ್ಮ ಮೂರು ವರ್ಷದ ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಸೆಟ್ಟು ಕಟಕ್ಕೆಂದಿತು. "ಕಲ್ಲಾಪುರದ ಗಾಡಿ, ಕಲ್ಲಾಪುರದ ಗಾಡಿ. ಕೆರಿ ಏರಿ ಮ್ಯಾಲ ಒಬ್ಬಾಕಿಗೆ ಹಾವು ಕಡದೈತಿ. ಕೂಡಲೇ ಹೊಂಡ್ರಿ. ಓವರ್." ಕನಕರಾಜನ ದನಿ ಪಕ್ಕದ ಕಟ್ಟೆಯ ಮೇಲಿಂದ ಬಂದಷ್ಟು ಸ್ಪಷ್ಟವಾಗಿತ್ತು. ಅವನು ಮಾತಿನ ನಡುವೆ ಉಗುಳು ನುಂಗಿದ್ದೂ ಕೇಳಿತು. ಶಿವಕಾಂತರ ಮುಖ ಅರಳಿತು. ಅವರು ಬಸ್ಸಪ್ಪನ ಕಡೆ ತಿರುಗಿದರು.

ಬಸ್ಸಪ್ಪ ರಸ್ತೆ ನೋಡುತ್ತ ಕುಳಿತಿದ್ದ.

ಅಂಬಿಕಾ ಕಿಟಕಿಯಿಂದ ಕೈ ತೂರಿಸಿ ಅವನ ಹೆಗಲ ಮೇಲಿಟ್ಟಳು. ಮೆಲ್ಲಗೆ ಒತ್ತಿದಳು. ಬಸ್ಸಪ್ಪ ಮೈಕನ್ನು ಕೊಕ್ಕೆಯಿಂದ ತೆಗೆದುಕೊಂಡ, ಗುಂಡಿ ಒತ್ತಿ ಬಾಯಿಯ ಹತ್ತಿರ ತಂದ. ಎದುರು ಮನೆಯ ಬಾಗಿಲ ಕಡೆಗೊಮ್ಮೆ ನೋಡಿದ.

"ಕನಕರಾಜ, ಬಸ್ಸಪ್ಪ ಮಾತಾಡಾಕತ್ತೀನಿ. ದನಿ ಬಂದೈತಂತ. ನೀ ಏನಂದಿ ಅನ್ನೂದು ನನಗ ಗೊತ್ತಾಗಿಲ್ಲ. ನನಗ ಕಿವಿ ಕೇಳಂಗಿಲ್ಲಪ್ಪ. ಹಿಂದ ಕೇಳ್ತೈತಿ ಅಂದಿದ್ದೂ ಸುಳ್ಳ. ಆಂಟೆನಾ ಚಲೋ ಅದಾವ, ಅದರಾಗ ನನ್ನ ಮಗಳದ್ದೇನೂ ತಪ್ಪಿಲ್ಲ."

ಗುಂಡಿ ಬಿಟ್ಟು ಮೈಕನ್ನು ಮತ್ತೆ ಕೊಕ್ಕೆಗೆ ಹಾಕಿದ. ಗುಡ್ಡದ ಮೇಲಿನ ಪೆಟ್ಟಿಗೆ ತನ್ನ ಕೆಲಸ ಮಾಡಿತ್ತು. ಅವನಂದದ್ದು ಮೂರೂ ತಾಲೂಕಿನ ಗಾಡಿಗಳಲ್ಲಿ ಕೇಳಿರಬೇಕು.

ಅಂಬಿಕಾಳ ಕೈ ಇನ್ನೂ ಅವನ ಹೆಗಲ ಮೇಲೇ ಇತ್ತು. ಶಿವಕಾಂತರು ಆ ಕೈಯನ್ನು ನೋಡಿದರು. "ನಿನಗ ಗೊತ್ತಿತ್ತೇನಮ್ಮ?"

"ಗೊತ್ತಿತ್ತು ಸರ್."

ಅವರು ಬೈಯುತ್ತಾರೆ ಎಂದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು. ಅವರು ಕರ್ಚೀಪು ತೆಗೆದು ಕುತ್ತಿಗೆ ಒರೆಸಿಕೊಂಡು, ಬಸ್ಸಪ್ಪನ ಮೊಣಕೈ ಮುಟ್ಟಿ ತಮ್ಮ ಕಡೆ ತಿರುಗಿಸಿಕೊಂಡರು. ಪ್ರತಿಯೊಂದು ಮಾತನ್ನೂ ಬಿಡಿಸಿ ಹೇಳಿದರು. "ಗಾಡಿ ಇನ್ನ ನಿನ್ನ ಕೈಗೆ ಕೊಡಾಕ ಆಗಂಗಿಲ್ಲ, ಬಸ್ಸಪ್ಪ."

"ಹೌದ್ರಿ ಸಾಹೇಬ್ರ," ಎಂದ ಬಸ್ಸಪ್ಪ.

"ಬ್ಯಾರೆ ಏನರ ಐತೇನು ನೋಡೂಣು. ಆಗ್ತದಂತ ನಾ ಹೇಳಂಗಿಲ್ಲ."

"ಹೌದ್ರಿ."

ಶಿವಕಾಂತರು ಇಳಿದರು. ಬಸ್ಸಪ್ಪನೂ ಇಳಿದ. ಗಾಡಿಯ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ದಾಟಿ ಜಾಗ ಬದಲಿಸಿದರು. ಸ್ಟಿಯರಿಂಗಿಗೂ ಸೀಟಿಗೂ ನಡುವೆ ಶಿವಕಾಂತರ ಹೊಟ್ಟೆ ಹಿಡಿಸಲಿಲ್ಲ. ಅವರು ಗೊಣಗುತ್ತ ಸೀಟನ್ನು ಹಿಂದಕ್ಕೆ ಸರಿಸಿಕೊಂಡರು. ಕಿಟಕಿಯ ಹಿಂದೆ ಅಂಬಿಕಾ ಅಳುತ್ತಿದ್ದಳು. ಅವಳಿಗೆ ದುಃಖವಾಗಿತ್ತು, ಹೆಮ್ಮೆಯಾಗಿತ್ತು, ಮುಖ್ಯವಾಗಿ ನಾಚಿಕೆಯಾಗಿತ್ತು.

ಸೆಟ್ಟು ಮತ್ತೆ ಕಟಕ್ಕೆಂದಿತು. "ಕಾಕಾ," ಎಂದಿತು ಕನಕರಾಜನ ದನಿ. "ಬಸ್ಸಪ್ಪ ಕಾಕಾ... ಕಾಕಾ..."

ಬಸ್ಸಪ್ಪ ಸೆಟ್ಟಿನಲ್ಲಿ ಹೊತ್ತಿಕೊಂಡ ಸಣ್ಣ ದೀಪವನ್ನು ನೋಡಿದ. ಹಿಂದೆ ತಿರುಗಿ ಮಗಳನ್ನು ಕೇಳಿದ. "ಯಾರ?"

"ಕನಕರಾಜ."

"ಏನಂತಾನ?"

"ಕಾಕಾ ಅಂತಾನ."

ಬಸ್ಸಪ್ಪ ಅಂಗೈಯನ್ನು ಸ್ಪೀಕರಿನ ಜಾಲರಿಯ ಮೇಲಿಟ್ಟ. ಅದು ಕೈಯೊಳಗೆ ಸಣ್ಣಗೆ ನಡುಗುತ್ತಿತ್ತು. ಅವನು ಕಣ್ಣು ಮುಚ್ಚಿ, ಕೈ ತೆಗೆಯದೆ ಕುಳಿತ. ಶಿವಕಾಂತರು ಚಾವಿಗೆ ಹಾಕಿದ್ದ ಕೈಯನ್ನು ತಿರುಗಿಸದೆ ಹಾಗೇ ಹಿಡಿದು, ಆ ದನಿ ನಿಲ್ಲುವವರೆಗೆ ಕಾದರು.